ಮೇಜಿನ ಕೆಳಗಿನ ಪಾಠ

ಪ್ರೀತಿಯ ಅಕ್ಕ,

ನೀನಿನ್ನು ಓದಲಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ನಿನ್ನ ತಂಗಿ, ಮಂಡಿನೋವಿನ ಈ ಟೀಚರು, ಮೇಜಿನ ಕೆಳಗೆ ತೂರಿಕೊಂಡು ಪಾಠ ಮಾಡಿದಳು. ನೀನಿದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಒಂದನೇ ತರಗತಿಗೆ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಇವತ್ತು ಕಲಿಸಿದ ಅಕ್ಷರ ನಾಳೆಗೆ ಮಾಯ. "ಅವಳ ತಲೆಗೆ ಏನೂ ಹತ್ತಲ್ಲ ಬಿಡಿ" ಎಂದಿದ್ದರು ಪಕ್ಕದ ತರಗತಿಯ ಟೀಚರ್. ಬೆಳಿಗ್ಗೆ ಗಾಳಿಗೆ ಬಾಗಿಲು ದಡಾರನೆ ಬಡಿಯಿತು. ಹುಡುಗಿ ಮೇಜಿನ ಕೆಳಗೆ ಸೇರಿಕೊಂಡು ಗಡಗಡ ನಡುಗಿದಳು. ನಾನೂ ನುಸುಳಿ ಪಕ್ಕದಲ್ಲಿ ಕೂತೆ.

"ಅಪ್ಪ ಬಂದ್ರಾ?"

"ಇಲ್ಲ ಪುಟ್ಟಿ, ಬರೀ ಗಾಳಿ."

ಎರಡೂ ಕೈಗಳಿಂದ ಅವಳ ಕಿವಿ ಮುಚ್ಚಿ ಮೆಲ್ಲಗೆ ಗುನುಗಿದೆ. ನಡುಕ ನಿಂತ ಮೇಲೆ ಪುಸ್ತಕವನ್ನು ಅಲ್ಲಿಗೇ ತರಿಸಿದೆ. "ಮರ" ಎಂದು ಓದಿಬಿಟ್ಟಳು, ಅಕ್ಕ! ಆಮೇಲೆ "ಸರ".

ಪಕ್ಕದ ಟೀಚರ್ ಬಗ್ಗಿ ನೋಡಿ, "ಇದೇನ್ರೀ, ನೀವೂ ಇಲ್ಲೇ?" ಎಂದರು.

"ಇವತ್ತು ನಮ್ಮ ಕ್ಲಾಸು ಇಲ್ಲೇ" ಎಂದೆ.

ಅಪ್ಪ ಕೂಗಾಡುವಾಗ ಮಂಚದ ಕೆಳಗೆ ನೀನೂ ನನ್ನ ಕಿವಿಯನ್ನು ಹೀಗೇ ಮುಚ್ಚುತ್ತಿದ್ದೆ. ನಾನು ಚೆನ್ನಾಗಿ ಓದಿ ಟೀಚರಾದೆ. ನಿನಗೆ ಓದು ಹತ್ತಲಿಲ್ಲ ಎಂದು ಎಲ್ಲರೂ ಅಂದರು. ನಿನ್ನ ಕಿವಿ ಮುಚ್ಚುವವರು ಯಾರೂ ಇರಲಿಲ್ಲ; ಆ ಮನೆಯ ಕೂಗಾಟವೆಲ್ಲ ನಿನ್ನೊಬ್ಬಳಿಗೇ ಕೇಳಿಸುತ್ತಿತ್ತು.

ನಿನ್ನ ತಂಗಿ