ಶಿಶುವಿಹಾರದ ನಲ್ಲಿಗೆ ಬಳಿದ ಬಿಳಿ ಲೇಪ: ಒಂದು ತಪ್ಪೊಪ್ಪಿಗೆ

ನೀರು ಸರಬರಾಜು ಮಂಡಳಿಯ ಸಾಮಗ್ರಿ ಅನುಮೋದನಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ವಾರ ನೀವು ನನ್ನನ್ನು ಹೊಗಳಿ ಸುತ್ತೋಲೆ ಹೊರಡಿಸಿದ್ದೀರಿ. ದಯವಿಟ್ಟು ಅದನ್ನು ವಾಪಸ್ ತೆಗೆದುಕೊಳ್ಳಿ. ಇಪ್ಪತ್ತೆರಡು ವರ್ಷ ಪೈಪು ಜೋಡಿಸಿದ ನನ್ನನ್ನು ಈವರೆಗೆ ಯಾವ ಕಚೇರಿಯೂ ಹೊಗಳಿದ್ದಿಲ್ಲ. ಬಯ್ದದ್ದುಂಟು, ಕಾಯಿಸಿದ್ದುಂಟು, “ಪ್ಲಂಬರ್ ಎಲ್ಲಿದ್ದಾರಮ್ಮಾ?” ಎಂದು ನನ್ನ ಬೆನ್ನ ಹಿಂದೆ ಇಣುಕಿ ನೋಡಿದ್ದುಂಟು. ಹಾಗಾಗಿ ಸುತ್ತೋಲೆ ಕೈಗೆ ಬಂದಾಗ ಪೈಪು ತಿರುಗಿಸುವ ಪಾನಾ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಎರಡು ಸುತ್ತು ಕುಣಿದೆ. ಮೂರನೇ ಸುತ್ತಿಗೆ ಅದರ ಅರ್ಥ ತಲೆಗೆ ಹತ್ತಿತು, ಕಾಲು ನಿಂತಿತು. ಬರುವ ಸೋಮವಾರದಿಂದ ಊರಿನ ಉಳಿದ ಹನ್ನೊಂದು ಶಿಶುವಿಹಾರಗಳ ಕುಡಿಯುವ ನೀರಿನ ನಲ್ಲಿಗಳನ್ನು ಬಿಚ್ಚಿ, ನನ್ನ ‘ಮಾದರಿ ಕೆಲಸದಲ್ಲಿ ಬಳಸಿದ ವೈಟ್ ಲೆಡ್ ಲೇಪವನ್ನೇ’ ಬಳಿದು ಮತ್ತೆ ಕೂರಿಸಬೇಕೆಂದು ನಿಮ್ಮ ಆಜ್ಞೆ. ಮಾನ್ಯರೇ, ನನ್ನ ಮಾದರಿ ಕೆಲಸದಲ್ಲಿ ವೈಟ್ ಲೆಡ್ ಇಲ್ಲ. ನೀವು ಮೆಚ್ಚಿದ್ದು ಟೂತ್‌ಪೇಸ್ಟು.

ಹೌದು, ಹಲ್ಲುಜ್ಜುವುದೇ. ಪುದೀನ ಪರಿಮಳದ್ದು.

ನಡೆದದ್ದು ಇಷ್ಟು. ನಾನು ಕೆಲಸ ಮಾಡಿದ ಶಿಶುವಿಹಾರದಲ್ಲಿ ನಾಲ್ಕು ನಲ್ಲಿ, ಸಾಲಾಗಿ, ಮಕ್ಕಳ ಎದೆಯೆತ್ತರಕ್ಕೆ. ಒಂದೊಂದು ಜಾಯಿಂಟಿಗೂ ಪೈಪಿನ ತುದಿಯ ತಿರುಪು ಥ್ರೆಡ್ ಒರೆಸಿ, ಬಿಗಿಯುವ ದಿಕ್ಕಿಗೇ ಟೆಫ್ಲಾನ್ ಟೇಪ್ ಎಳೆದು ಸುತ್ತಿ, ತಿರುಗಿಸಿ ಕೂರಿಸಿದ್ದೆ. ಇಡೀ ದಿನ ನೀರಿನ ಒತ್ತಡ ಕೊಟ್ಟು ಕೆಳಗೆ ಒಣ ಕಾಗದ ಹಾಸಿದ್ದೆ. ಕಾಗದದ ಮೇಲೆ ಒಂದು ಚುಕ್ಕೆ ತೇವವಿರಲಿಲ್ಲ. ನಿಮ್ಮ ಪರಿಶೀಲಕರು ಬಂದವರು ಕಾಗದದತ್ತ ಕಣ್ಣೂ ಹಾಯಿಸದೆ ಜಾಯಿಂಟಿನ ಅಂಚಿಗೆ ಬಾಗಿದರು.

“ಬಿಳೀದು ಎಲ್ಲಿ?”

“ಯಾವ ಬಿಳೀದು ಸಾರ್?”

“ವೈಟ್ ಲೆಡ್ ಕಣಮ್ಮಾ. ನೂಲು ಸುತ್ತಿ ಮೇಲೆ ಬಳೀಬೇಕು, ಹೊರಗೆ ಕಾಣ್ಬೇಕು. ಫಾರಂನಲ್ಲಿ ಕಾಲಂ ಇದೆ ನೋಡಿ.”

“ಅದು ಸೀಸ ಅಲ್ವಾ ಸಾರ್? ಇದು ಮಕ್ಕಳು ಕುಡಿಯೋ ನೀರು.”

“ಮಕ್ಕಳಿಗೆ ಅಂತ ಬೇರೆ ಕಾಲಂ ಇಲ್ಲ. ಊಟ ಮುಗಿಸ್ಕೊಂಡು ಬರ್ತೀನಿ, ಅಷ್ಟರಲ್ಲಿ ಬಿಳೀದು ಕಾಣ್ಲಿ.”

ಮಾನ್ಯರೇ, ಸೀಸದ ಮೇಲೆ ನನಗೇಕೆ ಇಷ್ಟು ಸಿಟ್ಟು ಎಂದು ನೀವು ಕೇಳಬಹುದು. ಕೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳುತ್ತೇನೆ. ನನಗೆ ಕೆಲಸ ಕಲಿಸಿದವರು ನನ್ನ ದೊಡ್ಡಪ್ಪ. ಸಣಬಿನ ನೂಲನ್ನು ಬಾಯಲ್ಲಿ ಒದ್ದೆ ಮಾಡಿ, ಬೆರಳಲ್ಲಿ ವೈಟ್ ಲೆಡ್ ಅದ್ದಿ ಬಳಿದು, ಅದೇ ಬೆರಳನ್ನು ಪ್ಯಾಂಟಿಗೆ ಒರೆಸಿ ಬುತ್ತಿ ಬಿಚ್ಚುತ್ತಿದ್ದವರು. ಡಬ್ಬಿ ಹೊಸದೋ ಹಳೆಯದೋ ಎಂದು ನಾಲಿಗೆ ತುದಿಗೆ ತಾಗಿಸಿ ಹೇಳುವುದು ಆ ಕಾಲದ ಮೇಸ್ತ್ರಿಗಳ ದೊಡ್ಡಸ್ತಿಕೆ. “ಒಳ್ಳೇ ಮಾಲು ಸ್ವಲ್ಪ ಸಿಹಿ ಇರುತ್ತೆ ಕಣೇ” ಎಂದು ನನಗೂ ಒಮ್ಮೆ ಬೆರಳು ಚಾಚಿದ್ದರು. ಐವತ್ತು ತುಂಬುವಷ್ಟರಲ್ಲಿ ಅವರ ಬಲಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿತ್ತು. ಡಾಕ್ಟರು ರಕ್ತದ ವರದಿ ನೋಡಿ, “ಇವರೇನು ಸೀಸ ತಿಂತಿದ್ರಾ?” ಎಂದು ಕೇಳಿದರು. ಈಗ ಅವರ ಅಂಗಿಯ ಗುಂಡಿ ಹಾಕುವವಳು ನಾನು. “ನಾನು ಹಾಕಿದ ಜಾಯಿಂಟು ಇವತ್ತಿಗೂ ಒಂದೂ ಸೋರಿಲ್ಲ. ಸಡಿಲಾಗಿದ್ದು ನಾನೊಬ್ಬನೇ” ಎಂದು ಅವರು ನಗುತ್ತಾರೆ. ನಾನೂ ನಗುತ್ತೇನೆ, ಆದರೆ ಗುಂಡಿ ಹಾಕುವಾಗ ಪ್ರತಿ ದಿನವೂ ನನಗೆ ಅಳು ಬರುತ್ತದೆ.

ಆದ್ದರಿಂದ ನಿಮ್ಮ ಪರಿಶೀಲಕರು ಊಟಕ್ಕೆ ಹೋದ ಹೊತ್ತಿನಲ್ಲಿ ನಾನು ಶಿಶುವಿಹಾರದ ಟೀಚರ ಬೀರುವಿನಿಂದ ಒಂದು ಟ್ಯೂಬು ಎತ್ತಿಕೊಂಡೆ. ನಾಲ್ಕೂ ಜಾಯಿಂಟಿನ ಹೊರಗೆ ಕಿರುಬೆರಳಲ್ಲಿ ನೀಟಾಗಿ ಉಂಗುರ ಎಳೆದೆ. ಕೇಕಿನ ಮೇಲೆ ಕೆನೆ ಬಿಡುವವರಿಗೂ ಅಷ್ಟು ಚೆಂದ ಬರಲಿಕ್ಕಿಲ್ಲ. ಪರಿಶೀಲಕರು ಬಂದರು, ಮೂಸಿದರು, ಹುಬ್ಬೇರಿಸಿದರು.

“ಪರಿಮಳ ಬರ್ತಿದೆಯಲ್ಲಮ್ಮಾ?”

“ಹೊಸ ಮಾಲು ಸಾರ್.”

“ನೋಡಿದ್ರಾ, ಮನಸ್ಸು ಮಾಡಿದ್ರೆ ಎಷ್ಟು ಚೆನ್ನಾಗಿ ಮಾಡ್ತೀರಿ!”

ಟೀಚರು ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದರು. ಮನೆಗೆ ಬಂದು ಹೇಳಿದರೆ ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮ್ಮ ಕಣ್ಣಿಗೆ ಮಣ್ಣೆರಚಿದ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟು ಸುಲಭವಾಗಿ ಎರಚಬಹುದು ಎಂದು ನನಗೆ ಗೊತ್ತಿರಲಿಲ್ಲ.

ಮೂರನೇ ದಿನ ಟೀಚರ ಫೋನು ಬಂತು. “ಅಕ್ಕಾ, ಬೇಗ ಬನ್ನಿ. ಮಕ್ಕಳು ನಲ್ಲಿ ನೆಕ್ತಿದ್ದಾರೆ. ಸಾಲಾಗಿ ನಿಂತು ನೆಕ್ತಿದ್ದಾರೆ ಅಕ್ಕಾ! ಒಬ್ಬಳಂತೂ ನಲ್ಲಿ ತಬ್ಕೊಂಡು ಯಾರಿಗೂ ಜಾಗ ಬಿಡ್ತಿಲ್ಲ.” ದಾರಿಯುದ್ದಕ್ಕೂ ನಗುತ್ತಲೇ ಹೋದೆ. ನಾಲ್ಕೂ ಜಾಯಿಂಟು ಥಳಥಳ ಹೊಳೆಯುತ್ತಿದ್ದವು, ಒಳಗಿನ ಟೇಪಿನ ದಯದಿಂದ ಒಂದು ಹನಿಯೂ ಸೋರುತ್ತಿರಲಿಲ್ಲ. ಆ ಪುಟ್ಟ ಹುಡುಗಿ ಮೂಗಿನ ತುದಿಗೆ ಬಿಳೀದು ಮೆತ್ತಿಕೊಂಡು, “ಸಿಹಿ ಇದೆ!” ಅಂದಳು. ಅಲ್ಲಿಗೆ ನನ್ನ ನಗು ನಿಂತಿತು.

ಮಾನ್ಯರೇ, ಅಂದು ನಾನು ನಿಯಮ ಪಾಲಿಸಿದ್ದರೆ ಆ ನಾಲಿಗೆಯ ಮೇಲೆ ಏನಿರುತ್ತಿತ್ತು? ಟೂತ್‌ಪೇಸ್ಟಿಗೂ ವಿಷಕ್ಕೂ ವ್ಯತ್ಯಾಸ ತಿಳಿಯದ ಫಾರಂ ಯಾರನ್ನು ಕಾಪಾಡಲು ಇದೆ? ಆ ಫಾರಂ ಅಚ್ಚಾದದ್ದು ನಾನು ಹುಟ್ಟುವ ಮೊದಲು. ಅಂದಿನಿಂದ ನಿಮ್ಮ ಕಚೇರಿಯ ಕುರ್ಚಿ ಬದಲಾಗಿದೆ, ಪರದೆ ಬದಲಾಗಿದೆ, ಕಾಫಿ ಯಂತ್ರವೂ ಬಂದಿದೆ. ಕಾಲಂ ಮಾತ್ರ ಇದ್ದಲ್ಲೇ ಇದೆ. ಅಂಗಡಿಗೆ ಹೋದರೆ ಲೇಪದ ಡಬ್ಬಿಯ ಮೇಲೆ ಸೊಗಸಾದ ಹಡಗಿನ ಚಿತ್ರವಿದೆ, ಒಳಗೇನಿದೆ ಎಂಬ ಬರಹವಿಲ್ಲ. ಕೇಳಿದರೆ ಅಂಗಡಿಯವರು, “ಎಲ್ಲಾ ಬಿಳೀನೇ ಅಲ್ವೇನ್ರೀ?” ಅನ್ನುತ್ತಾರೆ. ಅವರನ್ನು ಬಯ್ಯಲಾರೆ, ನಿಮ್ಮ ಮಂಡಳಿಯ ಅಭಿಪ್ರಾಯವೂ ಅದೇ. ಕುಡಿಯುವ ನೀರಿಗೆಂದೇ ಪರೀಕ್ಷಿಸಿದ ಟೇಪಿದೆ, ಸೀಸವಿಲ್ಲದ ಪೇಸ್ಟೂ ಸಿಗುತ್ತದೆ. ಇವನ್ನು ಬಳಸಿದವರು ಫೇಲು, ಹಲ್ಲುಜ್ಜುವುದನ್ನು ಬಳಿದವಳು ಮಾದರಿ!

ಈಗ ನನ್ನ ಬೇಡಿಕೆ. ಸೋಮವಾರಕ್ಕೆ ಮೊದಲು ಸುತ್ತೋಲೆ ರದ್ದಾಗಬೇಕು. ಫಾರಂನಿಂದ ಆ ಕಾಲಂ ಹೋಗಬೇಕು, ಡಬ್ಬಿಯ ಮೇಲೆ ಒಳಗಿನದರ ಹೆಸರು ಬರಬೇಕು. ಸುಳ್ಳು ಹೇಳಿ ನಿಮ್ಮ ಪರಿಶೀಲಕರಿಂದ ಕೆಲಸದ ಪ್ರಮಾಣಪತ್ರ ಪಡೆದದ್ದಕ್ಕೆ ನನ್ನ ಪರವಾನಗಿ ಹೋಗುತ್ತದೆಂದು ಗೊತ್ತು. ಅಂಚೆ ಖರ್ಚು ಉಳಿಯಲಿ ಎಂದು ಅದನ್ನೂ ಈ ಲಕೋಟೆಯಲ್ಲಿಟ್ಟಿದ್ದೇನೆ. ನಮ್ಮ ಮನೆ ನಡೆಯುವುದು ಅದೊಂದು ಕಾಗದದಿಂದ. ರದ್ದು ಮಾಡಿ, ಬೇಡವೆನ್ನುವುದಿಲ್ಲ. ಆದರೆ ಮೊದಲು ಸುತ್ತೋಲೆ, ಆಮೇಲೆ ಪರವಾನಗಿ. ಸೋಮವಾರ ಬೆಳಿಗ್ಗೆಯೂ ಸುತ್ತೋಲೆ ಹಾಗೇ ಇದ್ದರೆ, ಮೊದಲ ಶಿಶುವಿಹಾರದ ನಲ್ಲಿಗೆ ಬೆನ್ನು ಕೊಟ್ಟು ನಾನು ನಿಂತಿರುತ್ತೇನೆ. ನನ್ನನ್ನು ಸರಿಸಿಯೇ ಜಾಯಿಂಟು ಬಿಚ್ಚಬೇಕು, ಮತ್ತು ನಾನು ಯಾವುದನ್ನೂ ಸಡಿಲವಾಗಿ ಕೂರಿಸಿದವಳಲ್ಲ.

ಇಂತಿ,
ಸೋಮವಾರದವರೆಗೆ ಮಾತ್ರ ತಮ್ಮ ಮಾದರಿ ಕೆಲಸಗಾರ್ತಿ,
ಬೀದಿಯವರ ಪಾಲಿಗೆ ‘ನಲ್ಲಿ ಅಕ್ಕ’