ಕುಂಡವಿಲ್ಲದ ಗುಲಾಬಿ

ರೀ,

ಬಚ್ಚಲ ಬಕೆಟ್ಟಿನಲ್ಲಿರುವುದು ಒಣ ಕಡ್ಡಿಗಳಲ್ಲ, ಗುಲಾಬಿ ಗಿಡಗಳು. ಚಳಿಗಾಲದಲ್ಲಿ ಹೀಗೇ ಎಲೆಯಿಲ್ಲದೆ, ಮಣ್ಣಿಲ್ಲದೆ, ಬರೀ ಬೇರಿನ ಸಮೇತ ಮಾರುತ್ತಾರೆ. ಕಸಕ್ಕೆ ಹಾಕಿಬಿಡಬೇಡಿ.

ಹೋದ ವರ್ಷ ನೀವು ನೆಟ್ಟ ಗಿಡ ಯಾಕೆ ಸತ್ತಿತೆಂದು ನಿನ್ನೆ ಬೆಳಿಗ್ಗೆ ಅಗೆದಾಗಲೇ ಗೊತ್ತಾಯಿತು. ಕುಂಡದ ಸಮೇತ ಹೂತಿದ್ದೀರಿ. ಬೇರು ಒಳಗೇ ಸುತ್ತಿ ಸುತ್ತಿ ಉಸಿರುಕಟ್ಟಿದೆ. ಕೇಳಿದರೆ, "ಇದು ನಿಮ್ಮಮ್ಮನ ಮನೆ ಕಣೇ, ಹೊರಡೋ ದಿನ ಬಂದ್ರೆ ಎತ್ಕೊಂಡು ಹೋಗೋಕೆ ಸುಲಭ" ಅಂದಿರಿ. ಅಮ್ಮ ತೀರಿಹೋದಮೇಲೂ ನಿಮ್ಮ ಸೂಟ್‌ಕೇಸು ಮಂಚದ ಕೆಳಗೆ ತುಂಬಿಟ್ಟ ಹಾಗೇ ಇದೆ. ನಾನೇನು ಕಣ್ಣು ಮುಚ್ಚಿಕೊಂಡು ಕಸ ಗುಡಿಸುತ್ತೇನೆಯೇ?

ಅದಕ್ಕೇ ಈ ಸಲ ಬೇಕೆಂದೇ ಕುಂಡವಿಲ್ಲದ್ದು ತಂದೆ. ಮೊಳದಾಳದ ಗುಂಡಿ ತೋಡಿ, ಬೇರು ಹರಡಿ, ಮಣ್ಣು ತುಂಬಿ ತುಳಿದು ಗಟ್ಟಿಮಾಡಿ. ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಆಗಬೇಕು, ಇನ್ನೂ ನೆನೆದರೆ ಕೊಳೆಯುತ್ತವೆ. ಕೈಗವಸು ಹಾಕಿಕೊಳ್ಳಿ, ಮುಳ್ಳು ಜೋರಾಗಿವೆ.

ತಿಂಡಿ ಮುಚ್ಚಿಟ್ಟಿದ್ದೇನೆ. ಸಿಟ್ಟಿದ್ದರೂ ತಿನ್ನಿ.

ಹಳೆಯ ಕುಂಡ ತೊಳೆದು ನಿಮ್ಮ ಸೂಟ್‌ಕೇಸಿನ ಪಕ್ಕದಲ್ಲೇ ಇಟ್ಟಿದ್ದೇನೆ. ಹೊರಡುವುದೇ ಆದರೆ ಅದನ್ನೂ ಮರೆಯದೆ ತೆಗೆದುಕೊಂಡು ಹೋಗಿ. ಗಿಡಗಳನ್ನು ನಾನು ಬಂದು ನೆಟ್ಟುಕೊಳ್ಳುತ್ತೇನೆ.