ಎರಡೂ ಎಳೆ ಹರಿದರೆ

ಏಪ್ರಿಲ್ 14

ಬೆಳಿಗ್ಗೆ ಮಗ್ಗದಲ್ಲಿ ಹನ್ನೆರಡು ಸಾಲು ಗಂಟು ಹಾಕಿದೆ. ಆಮೇಲೆ ತೀರಿಹೋದ ನನ್ನವರ ಬಟ್ಟೆ. ನಲವತ್ತನೇ ದಿನ ಕಳೆಯಿತು, ಯಾರಿಗಾದರೂ ಕೊಟ್ಟುಬಿಡಬೇಕು ಎಂದು ಅವರಣ್ಣ ಸಾದೊಕ್ ಭಾವ ಚೀಲ ಇಟ್ಟು ಹೋಗಿದ್ದಾರೆ. ಉಣ್ಣೆಯ ಕಶಾಬಿಯಾ ನಿಲುವಂಗಿಯ ಒಳಜೇಬಿನಲ್ಲಿ ಲಕೋಟೆ. ಟ್ಯೂನಿಸ್ ಆಸ್ಪತ್ರೆಯದು. ಮೇಲೆ ಮಗಳು ಇನ್ಸಾಫಳ ಹೆಸರು. ಹೋದ ನವೆಂಬರ್. ಒಡೆದಿತ್ತು — ಓದಿ, ಮಡಚಿ, ಮತ್ತೆ ಇಟ್ಟುಕೊಂಡಿದ್ದಾರೆ.

ಆರನೇ ಕ್ಲಾಸಿನ ಫ್ರೆಂಚ್ ನನ್ನದು. ಒಂದೇ ಪದ ಗುರುತು ಸಿಕ್ಕಿತು. ಲೈಗೇಸ್. ತೀರಿಕೊಂಡ ಮಗ ಶಾಕಿರ್‌ನ ಆಸ್ಪತ್ರೆಯ ಕಾಗದಗಳಲ್ಲೂ ಇತ್ತು.

ಏಪ್ರಿಲ್ 16

ಡಾಕ್ಟರ್ ಲಮ್ಯಾಗೆ ಫೋನ್ ಮಾಡಿದೆ. ಶಾಕಿರ್‌ನನ್ನು ಕೊನೆಗೆ ನೋಡಿದವರು.

"ನಿಮ್ಮವರು ಹೇಳಿರಲಿಲ್ವಾ, ಲಲ್ಲಾ ಝೊಹ್ರಾ?"

"ಇಲ್ಲ."

ಆಮೇಲೆ ಬಿಡಿಸಿ ಹೇಳಿದರು. ಪ್ರತಿ ಜೀವಕೋಶದಲ್ಲೂ ಡಿಎನ್ಎ ಎನ್ನುವ ಎರಡೆಳೆಯ ದಾರ. ದಿನವೂ ಅಲ್ಲಲ್ಲಿ ಹರಿಯುತ್ತದೆ, ಎಲ್ಲರಿಗೂ. ಹರಿದದ್ದನ್ನು ಸೇರಿಸುವ ಕಿಣ್ವ ಲೈಗೇಸ್. ಮುಷ್ಟಿ ಹಿಡಿದ ಹಾಗೆ ದಾರದ ಸುತ್ತ ಮುಚ್ಚಿಕೊಂಡು, ತುದಿಗಳನ್ನು ಬೆಸೆದು, ಬಿಟ್ಟು ಹೋಗುತ್ತದೆ. ಅದರಲ್ಲಿ ಬಗೆಗಳಿವೆ. ಒಂದೆಳೆ ಹರಿದರೆ ಬೇರೆಯವು ನೋಡಿಕೊಳ್ಳುತ್ತವೆ. ಎರಡೂ ಒಟ್ಟಿಗೆ ಹರಿದರೆ ನಾಲ್ಕನೆಯದೇ ಬೇಕು. ಶಾಕಿರ್‌ಗೆ ಆ ನಾಲ್ಕನೆಯದು ಸರಿ ಇರಲಿಲ್ಲ.

"ಮಗ್ಗದಲ್ಲೂ ಹಾಗೇ," ಅಂದೆ. "ಹಾಸಿನ ಒಂದೆಳೆ ಹೋದ್ರೆ ಇನ್ನೊಂದು ಹಿಡಿದಿರುತ್ತೆ. ಎರಡೂ ಹೋದ್ರೆ ಆಗಿಂದಾಗ್ಲೇ ಕಟ್ಟಬೇಕು."

"ಹ್ಞೂ. ಗೆಡ್ಡೆಗೆ ಅಂತ ನಾವು ಕೊಟ್ಟ ಕಿರಣ ಎರಡೆಳೇನೂ ಹರಿದುಹಾಕ್ತು. ಕಟ್ಟೋರಿಲ್ಲ ಅಂತ ಆಗ ಗೊತ್ತಿರಲಿಲ್ಲ..."

ಕಿರಣಕ್ಕೆ ಸುಟ್ಟ, ಹನ್ನೊಂದು ವರ್ಷದ ಹುಡುಗನ ಬೆನ್ನು. ಅಂಗಿ ಸೋಕಿಸಲಾಗುತ್ತಿರಲಿಲ್ಲ.

ಸಾಕು.

ಏಪ್ರಿಲ್ 17

ನಿನ್ನೆ ಬರೆಯದೆ ಬಿಟ್ಟದ್ದು. ನಾನೂ ನನ್ನವರೂ ಅಣ್ಣತಮ್ಮಂದಿರ ಮಕ್ಕಳು. ಇಬ್ಬರಲ್ಲೂ ಆ ಕೆಟ್ಟ ನಾಲ್ಕನೆಯದರ ಒಂದೊಂದು ಪ್ರತಿ ಇತ್ತು. ಶಾಕಿರ್‌ಗೆ ಎರಡೂ ಸಿಕ್ಕವು. ಇನ್ಸಾಫಳಿಗೆ ಒಂದು; ಲಕೋಟೆಯಲ್ಲಿದ್ದದ್ದು ಅದೇ. ಅವಳಿಗೆ ಏನೂ ಆಗದು. ಆದರೆ ಕಟ್ಟಿಕೊಳ್ಳುವವನಲ್ಲೂ ಒಂದಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಗಂಡಾಂತರ.

ಕಟ್ಟಿಕೊಳ್ಳುವವನು ಮುಂದಿರ್. ಸಾದೊಕ್ ಭಾವನ ಮಗ. ಹೋದ ಬೇಸಿಗೆ ಫಾತಿಹಾ ಓದಿ ಮಾತು ಕೊಟ್ಟಾಗಿದೆ. ಸೆಪ್ಟೆಂಬರ್‌ಗೆ ಮದುವೆ.

ನಾಲ್ಕು ತಿಂಗಳು ಅವರ ಜೇಬಿನಲ್ಲಿ. ಒಂದೇ ಹಾಸಿಗೆ. ಒಂದು ಮಾತಿಲ್ಲ.

ಏಪ್ರಿಲ್ 29

ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ನನಗೆ ಜುಲೈ ಏಳರವರೆಗೆ. ಅಂಗಳದ ನಿಂಬೆ ಗಿಡದಿಂದ ಬಾಗಿಲಿಗೆ ಹದಿನೇಳು ಹೆಜ್ಜೆ.

ಭಾವ ಎಂದಿನಂತೆ ಬ್ರೆಡ್ ತಂದರು. ಬಾಯಿಬಿಟ್ಟೆ.

"ಭಾವ, ಮುಂದಿರ್‌ದು ಒಂದ್ಸಲ ರಕ್ತ ಪರೀಕ್ಷೆ..."

"ಯಾಕಮ್ಮ? ನಮ್ಮ ರಕ್ತಕ್ಕೇನಾಗಿದೆ? ನಿಂದೂ ಅದೇ ಅಲ್ವಾ?" ನಕ್ಕರು. "ಮದುವೆಗೆ ಡಾಕ್ಟರ್ ಸರ್ಟಿಫಿಕೇಟ್ ಹೇಗೂ ಬೇಕೇ ಬೇಕು. ಅವರು ನೋಡ್ತಾರೆ ಬಿಡು." ಎದ್ದು ಹೋಗುವಾಗ ದನಿ ತಗ್ಗಿಸಿದರು. "ಶಾಕಿರ್ ದೃಷ್ಟಿ ತಾಗಿ ಹೋದ. ವಂಶದ ರೋಗ ಅಂತ ಊರಿಗೆ ಗೊತ್ತಾದ್ರೆ ಇನ್ಸಾಫಳನ್ನ ಯಾರು ಕೇಳ್ತಾರೆ? ಯೋಚ್ನೆ ಮಾಡು."

ಕೆಟ್ಟವರಲ್ಲ. ಅದೇ ಕಷ್ಟ.

ಮೇ 12

ಲಕೋಟೆ ಉಣ್ಣೆಯ ಬುಟ್ಟಿಯ ತಳದಲ್ಲಿ. ಇನ್ಸಾಫ್ ಪಕ್ಕದಲ್ಲೇ ಕೂತು ನೇಯುತ್ತಾಳೆ, ಅಂಚಿನ ಬಣ್ಣ ಕೇಳುತ್ತಾಳೆ. ಹೇಳಲಿಲ್ಲ.

ನನ್ನವರ ಮೇಲಿನ ಸಿಟ್ಟು ಇಳಿಯುತ್ತಿದೆ. ನಾನೂ ಅದನ್ನೇ ಮಾಡುತ್ತಿದ್ದೇನಲ್ಲ.

ಮೇ 24

ಭಾವ ಸರ್ಟಿಫಿಕೇಟ್ ಆಡಿಸುತ್ತಾ ಬಂದರು. ಹಿಂದೆ ಮುಂದಿರ್.

"ನೋಡು, ಠಸ್ಸೆ ಬಿದ್ದಿದೆ! ಗೂಳಿ ಹಾಗಿದ್ದಾನಂತೆ!"

ಅದರಲ್ಲಿ ಯಾರೂ ನಾಲ್ಕನೆಯದನ್ನು ನೋಡಿಲ್ಲ. ನೋಡುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಬುಟ್ಟಿಯೊಳಗೆ ಕೈ ಹಾಕಿದೆ.

"ಇನ್ಸಾಫ್, ಓದು. ಎಲ್ಲರಿಗೂ ಕೇಳೋ ಹಾಗೆ."

ಓದಿದಳು. ಮಧ್ಯದಲ್ಲಿ ದನಿ ಸಣ್ಣದಾಯಿತು. ನಾನು ಉಳಿದದ್ದನ್ನು ಹೇಳಿದೆ.

"ಸತ್ತವನ ಜೇಬು ತಡಕ್ತೀಯಾ?" ಭಾವನ ಮುಖ ಕೆಂಪಗಾಗಿತ್ತು. "ಅವನು ಮುಚ್ಚಿಟ್ಟದ್ದನ್ನ ನೀನು ಬಿಚ್ಚಿಡ್ತೀಯಾ?"

"ದೊಡ್ಡಪ್ಪ," ಇನ್ಸಾಫ್ ಎಂದಳು, "ಇದರ ಮೇಲಿರೋದು ನನ್ನ ಹೆಸರು."

ಬ್ರೆಡ್ ಇಟ್ಟು ಹೊರಟುಹೋದರು. ಮುಂದಿರ್ ಬಾಗಿಲಲ್ಲೇ ನಿಂತಿದ್ದ.

"ಚಿಕ್ಕಮ್ಮ, ಆ ಪರೀಕ್ಷೆಗೆ ತುಂಬಾ ರಕ್ತ ತೆಗೀತಾರಾ?"

"ಯಾಕಪ್ಪ?"

"ಮೊನ್ನೆ ಸರ್ಟಿಫಿಕೇಟ್‌ಗೆ ಒಂದು ಹನಿ ತೆಗೆದಾಗಲೇ ತಲೆ ತಿರುಗಿ ಬಿದ್ದೆ. ಇವಳಿಗೆ ಹೇಳ್ಬೇಡಿ."

"ಗೂಳಿಯಂತೆ ಗೂಳಿ," ಎಂದಳು ಇನ್ಸಾಫ್, ಕಣ್ಣೊರೆಸಿಕೊಳ್ಳುತ್ತಾ.

ಜೂನ್ 3

ಹತ್ತು ದಿನದಿಂದ ಭಾವ ಬಂದಿಲ್ಲ. ಬ್ರೆಡ್ ಪಕ್ಕದ ಮನೆಯವರು ತರುತ್ತಾರೆ. ಏನೂ ಕೇಳುವುದಿಲ್ಲ. ಅಂದರೆ ಎಲ್ಲ ಗೊತ್ತು.

ಡಾಕ್ಟರ್ ಫೋನ್. ಮುಂದಿರ್‌ನ ರಕ್ತ ತಲುಪಿದೆ. ಅದನ್ನು ಓದಬೇಕಾದರೆ ಡಿಎನ್ಎ ತುಂಡುಗಳಿಗೆ ಗುರುತಿನ ತುಂಡು ಬೆಸೆಯಬೇಕಂತೆ. ಬೆಸೆಯುವುದು ಲೈಗೇಸೇ. ಯಾವುದೋ ವೈರಸ್ಸಿನದು. ಬಾಟಲಿಯಲ್ಲಿ ಬರುತ್ತದೆ, ಫ್ರೀಜರ್‌ನಲ್ಲಿ ಇಡುತ್ತಾರೆ.

"ಬಾಟಲೀಲಿ ಸಿಗುತ್ತಾ?"

"ಹ್ಞೂ."

"ಶಾಕಿರ್‌ಗೆ ಅದನ್ನ ಕೊಡಬಹುದಿತ್ತಾ?"

"ಇಲ್ಲ ಲಲ್ಲಾ. ಹೊರಗಿಂದ ಕೊಟ್ಟರೆ ಅದು ಕೋಶದೊಳಗೆ ಹೋಗಲ್ಲ."

ಕೇಳಬಾರದಿತ್ತು. ಕೇಳದೆ ಇರಲಾಗಲಿಲ್ಲ.

ಜೂನ್ 15, ಹಬ್ಬದ ಹಿಂದಿನ ದಿನ. ಮಧ್ಯಾಹ್ನ

ನಿಶ್ಚಯವಾದ ಹೆಣ್ಣಿಗೆ ಹಬ್ಬಹಬ್ಬಕ್ಕೂ ಗಂಡಿನ ಮನೆಯಿಂದ ಬುಟ್ಟಿ ಬರಬೇಕು. ಬಾರದಿದ್ದರೆ ಸಂಬಂಧ ಮುರಿಯಿತೆಂದೇ ಅರ್ಥ. ಇನ್ಸಾಫ್ ಬೆಳಿಗ್ಗೆಯಿಂದ ಅಂಗಳವನ್ನು ಮೂರು ಸಲ ತೊಳೆದಳು. ನಾನು ನೋಡದ ಹಾಗೆ ಇದ್ದೆ.

ಬಂತು. ಮುಂದಿರ್ ತಲೆಯ ಮೇಲೆ ಹೊತ್ತು ತಂದ. ಗೋರಂಟಿ, ಅತ್ತರು, ರೇಷ್ಮೆಯ ತಲೆವಸ್ತ್ರ, ಖರ್ಜೂರದ ಸಿಹಿತಿಂಡಿ ಮಕ್ರೂದ್. ಅವುಗಳ ನಡುವೆ ಅವನ ಪರೀಕ್ಷೆಯ ಲಕೋಟೆ. ಅಂಟು ಬಿಟ್ಟಿರಲಿಲ್ಲ.

"ಎರಡು ದಿನದಿಂದ ನನ್ನ ಹತ್ರಾನೇ ಇದೆ," ಎಂದ. "ಒಬ್ಬನೇ ಒಡೆಯೋಕೆ ಆಗ್ಲಿಲ್ಲ."

ಭಾವನೂ ಬಂದಿದ್ದಾರೆ. ಹೊಸ್ತಿಲ ಆಚೆ, ಕಂಕುಳಲ್ಲಿ ಬ್ರೆಡ್. ನಾನು ದಾಟುವಂತಿಲ್ಲ, ಅವರು ದಾಟುತ್ತಿಲ್ಲ.

"ಹಬ್ಬ ಕಳೀಲಿ," ಎಂದರು ಗೋಡೆ ನೋಡುತ್ತಾ. "ಬುಟ್ಟಿ ಬಂತಲ್ಲ. ಒಂದೆರಡು ದಿನ ಜೇಬಲ್ಲಿಟ್ಟುಕೊಂಡ್ರೆ ಏನಾಗುತ್ತೆ?"

"ಬೇಡ ಭಾವ," ಅಂದೆ. "ಈ ಮನೇಲಿ ಇನ್ನು ಜೇಬು ಬೇಡ. ಒಳಗೆ ಬನ್ನಿ."

ಕಾಫಿಗೆ ನೀರಿಟ್ಟು ಇಷ್ಟು ಬರೆದೆ. ಅಂಗಳದಲ್ಲಿ ಕುರ್ಚಿ ಎಳೆದ ಸದ್ದು. ಭಾವನ ಕೆಮ್ಮು — ಒಳಗಿನಿಂದಲೇ. ಇನ್ಸಾಫ್ ಕರೆಯುತ್ತಿದ್ದಾಳೆ. ನೀನು ಬಾರದೆ ಒಡೆಯುವುದಿಲ್ಲ ಅಮ್ಮಾ, ಕತ್ತರಿ ಎಲ್ಲಿ ಎನ್ನುತ್ತಿದ್ದಾಳೆ. ಮಗ್ಗದ ಮೇಲಿದೆ, ನಾನೇ ತೆಗೆದುಕೊಂಡು ಹೋಗುತ್ತೇನೆ.